ಡೀಬಗ್ ಕೋಡ್ ತೆಗೆದೆ, ಕರ್ನಲ್ ಫ್ಲ್ಯಾಶ್‌ನಲ್ಲಿ ಹಿಡಿಸಿತು

ನಮ್ಮ ತೂಕದ ಯಂತ್ರದ ಬೋರ್ಡ್‌ನ ಫ್ಲ್ಯಾಶ್, ಅಂದ್ರೆ ಕರೆಂಟ್ ಹೋದರೂ ಅಳಿಯದ ಮೆಮೊರಿ, 4 ಎಂಬಿ. ಅದರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಇಟ್ಟಿದ್ದು ಒಂದೂವರೆ ಎಂಬಿ. ಯುಎಸ್‌ಬಿ ವೈಫೈ ಸೇರಿಸಿದ ಮೇಲೆ ಕರ್ನಲ್ ಇಮೇಜ್ (ಫ್ಲ್ಯಾಶ್‌ಗೆ ಬರೆಯೋ ಫೈಲ್) 1.8 ಎಂಬಿ ಹತ್ತಿರ ಹೋಯಿತು, ಅದೂ ಎಕ್ಸ್‌ಝಡ್ ಕಂಪ್ರೆಷನ್‌ನಲ್ಲಿ ಒತ್ತಿದ ಮೇಲೆ. 8 ಎಂಬಿ ಚಿಪ್ ಹಾಕಿ, ಮೂವತ್ತು ರೂಪಾಯಿ ಜಾಸ್ತಿ ಅಷ್ಟೇ ಅಲ್ವಾ ಅಂದರು ಕೆಲವರು. ಹೊಸ ಬೋರ್ಡ್‌ಗೆ ಸರಿ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ ತೂಕದ ಯಂತ್ರಗಳಲ್ಲಿ ಆಗಲೇ ಕೂತಿರೋ ಮುನ್ನೂರು ಚಿಲ್ಲರೆ ಬೋರ್ಡ್ ಬಿಚ್ಚಿ ಹುಬ್ಬಳ್ಳಿಗೆ ತರೋದು ಯಾರ ದುಡ್ಡಲ್ಲಿ? ತಪ್ಪು ಹುಡುಕೋಕೆ ಮಾತ್ರ ಬೇಕಾಗೋ ಡೀಬಗ್ ಕೋಡ್ ತೆಗೀತೀನಿ ಅಂದೆ. "ಅಷ್ಟಕ್ಕೆಲ್ಲಾ ಇಳಿಯೂದಿಲ್ಲ ಬಿಡ್ರಿ ಸರ" ಅಂದರು ಜೊತೆಯವರು.

ಡೀಬಗ್ ಇನ್ಫೋ ಆಫ್ ಮಾಡಿದರೆ, ಬಿಲ್ಡ್‌ನಲ್ಲಿ ಮೊದಲು ಸಿಗೋ ವಿಎಂಲಿನಕ್ಸ್ ಫೈಲ್ ಐವತ್ತು ಎಂಬಿಯಿಂದ ಏಳೆಂಟಕ್ಕೆ ಬಿತ್ತು. ಫ್ಲ್ಯಾಶ್‌ಗೆ ಹೋಗೋ ಇಮೇಜ್ ಒಂದು ಕೆಬಿಯೂ ಅಲುಗಲಿಲ್ಲ. ಆ ಮಾಹಿತಿ ಅದರೊಳಗೆ ಹೋಗೋದೇ ಇಲ್ಲವಲ್ಲ. ಕರ್ನಲ್‌ನ ಎಕ್ಸ್‌ಪರ್ಟ್ ಆಯ್ಕೆ ಆನ್ ಮಾಡಿ ಎಫ್‌ಟ್ರೇಸ್ (ಫಂಕ್ಷನ್‌ಗಳ ಜಾಡು ಹಿಡಿಯೋದು), ಡೀಬಗ್‌ಎಫ್‌ಎಸ್ (ಒಳಗಿನ ಸ್ಥಿತಿ ಫೈಲ್ ರೂಪದಲ್ಲಿ ತೋರಿಸೋದು), ಕಾಲ್‌ಸಿಮ್ಸ್ (ಫಂಕ್ಷನ್ ಹೆಸರುಗಳ ಪಟ್ಟಿ) ತೆಗೆದಾಗ ಇನ್ನೂರು ಕೆಬಿ ಮೇಲೆ ಉಳಿಯಿತು. ಆಗ ಪ್ಯಾನಿಕ್ ಬಂದರೆ, ಅಂದ್ರೆ ಕರ್ನಲ್ ಕುಸಿದರೆ, ಬರೀ ಅಡ್ರೆಸ್, ಹೆಸರು ಬೇಕಂದ್ರೆ ಸಿಸ್ಟಮ್ ಮ್ಯಾಪ್ ಫೈಲ್ ತೆಗೆದು ಹುಡುಕಬೇಕಿತ್ತು. ಆಮೇಲೆ ಕರ್ನಲ್ ಸಂದೇಶ ಬರೆಯೋ ಪ್ರಿಂಟ್‌ಕೆಯನ್ನೇ ತೆಗೆದೆ, ಆ ಅಡ್ರೆಸ್ಸೂ ಹೋಯಿತು. ಡ್ರೈವರ್‌ಗಳ ಸ್ವಂತ ಡೀಬಗ್ ಮ್ಯಾಕ್ರೋಗಳನ್ನೂ ಖಾಲಿ ಮಾಡಿದೆ. ಇಮೇಜ್ 1.4ಕ್ಕೆ ಬಂತು.

ಜಾಗದಲ್ಲಿ ಹಿಡಿಸಿತು, ಆದರೆ ತೂಕ ಕೆಟ್ಟಿತು. ಚೀಲ ಇಳಿಸಿದರೂ ಪರದೆ ಮೇಲೆ ಅದೇ ಅಂಕಿ. ಪ್ರಿಂಟ್‌ಕೆ ಇಲ್ಲ, ಕೇಳೋಣ ಅಂದ್ರೆ ಯಾರೂ ಮಾತಾಡಲ್ಲ. ವಾರಗಟ್ಟಲೆ ಇದೇ ಹಿಂಸೆ, ಆಸಿಲೋಸ್ಕೋಪ್ ಬಾಡಿಗೆ ಬೇರೆ. ಕೊನೆಗೆ ಕಾರಣ ಸಿಕ್ಕಿದ್ದು, ತೂಕದ ಸಿಗ್ನಲ್ ಅನ್ನು ಅಂಕಿಯಾಗಿ ಬದಲಿಸೋ ಎಡಿಸಿ ಚಿಪ್ ಮಾರಿದವರು ಕೊಟ್ಟ ಡ್ರೈವರ್‌ನಲ್ಲಿ. ಆ ಚಿಪ್‌ನ ಸ್ಟೇಟಸ್ ರಿಜಿಸ್ಟರ್ ಓದಿದರೆ ಇಂಟರಪ್ಟ್ (ಹೊಸ ಅಂಕಿ ರೆಡಿ ಅನ್ನೋ ಸೂಚನೆ) ಕ್ಲಿಯರ್ ಆಗುತ್ತೆ, ಆಮೇಲೇ ಮುಂದಿನದು. ಪುಣ್ಯಾತ್ಮರು ಆ ಓದನ್ನು ಡೀಬಗ್ ಮ್ಯಾಕ್ರೋದ ಬ್ರಾಕೆಟ್ಟಿನೊಳಗೇ ಬರೆದಿದ್ದರು! ಮ್ಯಾಕ್ರೋ ಖಾಲಿಯಾದರೆ ಓದೂ ಇಲ್ಲ, ಮುಂದಿನ ಇಂಟರಪ್ಟೂ ಇಲ್ಲ. ಓದನ್ನು ಹೊರಗೆ ತಂದೆ, ತೂಕ ಓಡಿತು.

ಆಯ್ಕೆ ಆಫ್ ಇದ್ದರೆ ಕಂಪೈಲರ್ ಕಣ್ಣಿಗೇ ಬೀಳದಂತೆ ಕೋಡ್ ಮರೆಮಾಡೋ ಇಫ್‌ಡೆಫ್ ಈಗ ನಮ್ಮ ಕೋಡ್‌ನಲ್ಲಿ ಕಮ್ಮಿ. ಸಾದಾ ಇಫ್ ಒಳಗೆ, ಆಯ್ಕೆ ಆನ್ ಇದೆಯಾ ಅಂತ ನೋಡೋ ಈಸ್-ಎನೇಬಲ್ಡ್ ಹಾಕ್ತೀನಿ. ಕಂಪೈಲರ್ ಕೋಡ್ ಓದಿ ತಪ್ಪು ಹೇಳುತ್ತೆ, ಆಯ್ಕೆ ಆಫ್ ಇದ್ದರೆ ಆಮೇಲೆ ಬಿಸಾಕುತ್ತೆ. ಎರಡು ಬಿಲ್ಡ್‌ಗಳ ಗಾತ್ರ ಹೋಲಿಸೋ ಬ್ಲೋಟ್-ಒ-ಮೀಟರ್ ಓಡಿಸಿದರೆ ಹೋಯ್ತೋ ಇಲ್ವೋ ಗೊತ್ತಾಗುತ್ತೆ. ಗಂಭೀರ ತಪ್ಪು ಕಂಡಾಗ ಕರ್ನಲ್ ಅನ್ನು ತಡೆಯೋ ಬಗ್ ಅನ್ನೋ ಆಯ್ಕೆಯನ್ನೂ ಸುಮ್ನೆ ತೆಗೆದು ನೋಡಿದೆ. ಉಳಿದದ್ದು ಚೂರುಪಾರು. ಎಡವಟ್ಟಾದರೂ ಕರ್ನಲ್ ನಿಲ್ಲದೆ ಮುಂದಕ್ಕೆ ಓಡೋದು ನನಗೆ ಸರಿಬರಲಿಲ್ಲ, ವಾಪಸ್ ಹಾಕಿದೆ.

ಮಾರ್ಕೆಟ್‌ನಲ್ಲಿ ಬೋರ್ಡ್ ನಿಂತರೆ ಕಾರಣ ತಿಳಿಯಲು ಎರಡು ಬೈಟ್‌ನ ಕೋಡ್ ಬರೆದಿಡ್ತೀನಿ. ರೀಸೆಟ್ ಆದರೂ ಅದು ಅಳಿಯಲ್ಲ. ಎಲ್ಲಿ ಬರೆದಿಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಪೆನ್‌ಡ್ರೈವ್ ಹಿಡಿದು ನಮ್ಮ ಹುಡುಗರೇ ಬ್ಯಾಡಗಿಗೆ ಹೋಗಿ ಎಲ್ಲ ಬೋರ್ಡ್ ಅಪ್‌ಡೇಟ್ ಮಾಡಿ ಬಂದರು. ಬಸ್ಸು, ಊಟ ಎಲ್ಲ ಸೇರಿ ಆರೇಳು ಸಾವಿರದಲ್ಲಿ ಮುಗೀತು.