ಮಾವನ ತೋಟದಲ್ಲಿ ನನ್ನ ಧಾರಣೆ ಪುಟ ಯಾಕೆ ತೆರೆಯುತ್ತಿರಲಿಲ್ಲ

ಅಡಿಕೆ ಧಾರಣೆ ತೋರಿಸುವ ಚಿಕ್ಕ ವೆಬ್‌ಸೈಟ್ ಒಂದನ್ನು ನಾನು ನಡೆಸುತ್ತೇನೆ. ಬೆಂಗಳೂರಿನ ಮನೆಯಲ್ಲಿ ಪಟ್ಟಂತ ತೆರೆಯುತ್ತಿತ್ತು. ಹೊಸನಗರದ ಹತ್ತಿರ ಮಾವನ ತೋಟದಲ್ಲಿ ಮಾತ್ರ ಬಿಳಿ ಪರದೆ. "ನಿನ್ನ ಸೈಟು ಬರೋದ್ರೊಳಗೆ ಮಂಡಿಗೆ ಫೋನ್ ಮಾಡಿ ರೇಟ್ ಕೇಳ್ಬಹುದು ಮಾರಾಯ" ಅಂದರು ಮಾವ. ಆ ಮಾತು ಮನಸ್ಸಿಗೆ ನಾಟಿತು.

ಮೊದಲು ಚಿತ್ರಗಳನ್ನು ಚಿಕ್ಕದು ಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ತೋಟದಲ್ಲೇ ಕೂತು ಪಿಂಗ್ ಹಾಕಿದೆ, ಅಂದರೆ ಸರ್ವರಿಗೆ ಚಿಕ್ಕ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆದೆ. ಅಗ್ಗ ಅಂತ ಸರ್ವರನ್ನು ಜರ್ಮನಿಯಲ್ಲಿ ಇಟ್ಟಿದ್ದೆ. ಹೋಗಿ ಬರಲು ಸುಮಾರು 200 ಮಿಲಿಸೆಕೆಂಡ್, ನೂರಕ್ಕೆ ಎರಡು ಪ್ಯಾಕೆಟ್ (ಮಾಹಿತಿಯ ಚಿಕ್ಕ ತುಂಡು) ಕಾಣೆ.

ಲೆಕ್ಕ ಹಾಕಿ ನೋಡಿ. ಒಮ್ಮೆ ಹೋಗಿ ಬಂದರೆ ಒಂದು ಸುತ್ತು. ಮಾಹಿತಿ ಸಾಗಿಸುವ ನಿಯಮವಾದ ಟಿಸಿಪಿಯ ಸಂಪರ್ಕಕ್ಕೆ ಒಂದು ಸುತ್ತು, ಅದನ್ನು ಗುಟ್ಟಾಗಿಡುವ ನನ್ನ ಹಳೆಯ ಟಿಎಲ್‌ಎಸ್ 1.2ಕ್ಕೆ ಎರಡು, ಪುಟ ಕೇಳಿ ಪಡೆಯಲು ಇನ್ನೊಂದು. ಮೊದಲ ಅಕ್ಷರ ಬರಲೇ 800 ಮಿಲಿಸೆಕೆಂಡ್. ನೆಟ್ ಎಷ್ಟೇ ಸ್ಪೀಡ್ ಇದ್ದರೂ ಇದು ಇಳಿಯುವುದಿಲ್ಲ. ಟಿಎಲ್‌ಎಸ್ 1.3ರಲ್ಲಿ ಒಂದು ಸುತ್ತು ಕಡಿಮೆಯಾಗುತ್ತದೆ. ಪುಟ ಕೇಳಿ ಕಳಿಸುವ ನಿಯಮದ ಹೊಸ ಆವೃತ್ತಿ ಎಚ್‌ಟಿಟಿಪಿ/3. ಅದರ ಅಡಿಯಲ್ಲಿ ಟಿಸಿಪಿಯ ಬದಲು ಇರುವ ಕ್ವಿಕ್, ಸಂಪರ್ಕ ಮತ್ತು ಗೂಢಲಿಪಿ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಅಲ್ಲಿಗೆ 400.

ಪ್ಯಾಕೆಟ್ ಕಳೆದಾಗಿನ ಕಥೆಯೇ ಬೇರೆ. ಹಿಂದಿನ ಆವೃತ್ತಿ ಎಚ್‌ಟಿಟಿಪಿ/2 ಎಲ್ಲ ಫೈಲುಗಳನ್ನೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಕಳಿಸುತ್ತದೆ. ಟಿಸಿಪಿಗೆ ಎಲ್ಲವೂ ಸಾಲಾಗಿಯೇ ಬರಬೇಕು. ಲೋಗೋದ ಒಂದು ಪ್ಯಾಕೆಟ್ ತಪ್ಪಿದರೆ, ಅದರ ಹಿಂದೆ ಬಂದು ತಲುಪಿದ ದರಪಟ್ಟಿಯೂ ಕಾಯುತ್ತದೆ. ಆಗುಂಬೆ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಬಸ್ಸುಗಳೆಲ್ಲ ನಿಲ್ಲುತ್ತವಲ್ಲ, ಹಾಗೆ. ಕ್ವಿಕ್ ಓಡುವುದು ಯುಡಿಪಿ ಅನ್ನುವ, ಸಾಲಿಗೆ ಕಾಯದ ಸರಳ ನಿಯಮದ ಮೇಲೆ, ಒಂದೊಂದು ಫೈಲಿಗೂ ಬೇರೆ ಸಾಲು.

ಪುಟ ಕಳಿಸುವ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ನ 1.25 ಆವೃತ್ತಿ ಹಾಕಿ ಎಚ್‌ಟಿಟಿಪಿ/3 ಶುರು ಮಾಡಿದೆ. ಬ್ರೌಸರಿನ ನೆಟ್‌ವರ್ಕ್ ಪಟ್ಟಿಯಲ್ಲಿ ಮಾತ್ರ ಎಚ್2, ಅಂದರೆ ಎಚ್‌ಟಿಟಿಪಿ/2 ಅಂತಲೇ ಇತ್ತು. ಒಂದಿಡೀ ಸಂಜೆ ಹೋಯಿತು. ಕೊನೆಗೆ ನೋಡಿದರೆ ಫೈರ್‌ವಾಲ್‌ನಲ್ಲಿ ಸುರಕ್ಷಿತ ವೆಬ್ ಪುಟಗಳ ಬಾಗಿಲಾದ 443ನೇ ಪೋರ್ಟನ್ನು ಟಿಸಿಪಿಗೆ ಮಾತ್ರ ತೆರೆದಿದ್ದೆ, ಯುಡಿಪಿಗೆ ಇಲ್ಲ. ಬ್ರೌಸರ್ ತಕರಾರು ಮಾಡುವುದಿಲ್ಲ, ಸುಮ್ನೆ ಟಿಸಿಪಿಗೆ ಮರಳುತ್ತದೆ. ಸರ್ವರ್ ಪುಟದ ಜೊತೆ ಕಳಿಸುವ ಆಲ್ಟ್-ಎಸ್‌ವಿಸಿ ಹೆಡರ್ ಎಂಬ ಸೂಚನೆ ಕೊಡುವುದನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ಎಚ್‌ಟಿಟಿಪಿ/3 ಇದೆ ಅಂತ ಬ್ರೌಸರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಪ್ರತಿ ಸಲ ತೋಟಕ್ಕೆ ಹೋಗಲಾಗದು. ಅದಕ್ಕೆ ಕೆಟ್ಟ ನೆಟ್ ಅನ್ನು ಅನುಕರಿಸುವ ಲಿನಕ್ಸ್‌ನ ನೆಟ್‌ಎಮ್‌ನಲ್ಲಿ 200 ಮಿಲಿಸೆಕೆಂಡ್ ತಡ, 2% ನಷ್ಟ ಕೊಟ್ಟು ಮನೆಯಲ್ಲೇ ಪರೀಕ್ಷಿಸಿದೆ. ಟಿಸಿಪಿಯಲ್ಲೇ ಬರುವವರಿಗಾಗಿ ಕಳಿಸುವ ವೇಗ ನಿರ್ಧರಿಸುವ ಕ್ಯೂಬಿಕ್ ವಿಧಾನ ತೆಗೆದು ಬಿಬಿಆರ್ ವಿಧಾನ ಹಾಕಿದೆ. ಪ್ಯಾಕೆಟ್ ಕಳೆದರೆ ಕ್ಯೂಬಿಕ್ ದಾರಿ ತುಂಬಿದೆ ಅಂದುಕೊಂಡು ವೇಗ ಇಳಿಸುತ್ತದೆ. ನಮ್ಮಲ್ಲಿ ಕಳೆಯುತ್ತಿದ್ದುದು ಸಿಗ್ನಲ್ ಸರಿಯಿಲ್ಲದೆ. ಬಿಬಿಆರ್ ಅಷ್ಟು ಬೇಗ ವೇಗ ಇಳಿಸುವುದಿಲ್ಲ.

ಇಷ್ಟೆಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಸರ್ವರನ್ನು ಮುಂಬೈಗೆ ತಂದಿದ್ದು. ಇದನ್ನೇ ಮೊದಲು ಮಾಡಬೇಕಿತ್ತು.

ಕೊನೆಯ ಕೆಲಸ ಒಂದಿತ್ತು. ಟಿಸಿಪಿ ಶುರುವಿನಲ್ಲಿ ಸಾಮಾನ್ಯವಾಗಿ 10 ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಮಾತ್ರ ಕಳಿಸಿ ಉತ್ತರಕ್ಕೆ ಕಾಯುತ್ತದೆ. ದರಪಟ್ಟಿಯನ್ನು ಆ 14 ಕೆಬಿಯೊಳಗೆ ಹಿಡಿಸಿದೆ. ಈಗ ಲೋಗೋ ಬರುವ ಮೊದಲೇ ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಬಗೆಗಳ ದರ ಕಾಣುತ್ತದೆ. ಮಾವ ನೋಡುವುದು ಅಷ್ಟನ್ನೇ.