ಹಳೇ ಪಿಕಪ್ ಮುಂದ ಒಂದ್ ಕಡಿ ಕುಂತೈತೇನ್ರಿ? ಬೋಲ್ಟ್ ತಿರುವೋಕಿಂತ ಮೊದ್ಲ ಇಷ್ಟ್ ನೋಡ್ರಿ

ನಮ್ಮ ಗಂಗಾವತಿ ಕಡಿ ಭತ್ತದ ಸುಗ್ಗಿ ಮುಗೀತಂದ್ರ ಗ್ಯಾರೇಜಿನ್ಯಾಗ ಒಂದ ಮಾತು, "ಅಣ್ಣ, ಗಾಡಿ ಮುಂದ ಡ್ರೈವರ್ ಸೈಡಿಗೆ ಕುಂತೈತಿ ನೋಡು". ಮೆಕ್ಯಾನಿಕ್ ಬುಡಕ ಹೊಕ್ಕು ಟಾರ್ಷನ್ ಬಾರ್ (ಮುಂದ ಸ್ಪ್ರಿಂಗ್ ಕೆಲಸ ಮಾಡೋ ಸರಳು) ಬೋಲ್ಟ್ ಎರಡ್ ಸುತ್ತು ಟೈಟ್ ಮಾಡ್ತಾನ, ಗಾಡಿ ಎದ್ದಂಗ ಕಾಣ್ತೈತಿ, ರೊಕ್ಕ ಕೊಟ್ಟು ಬರ್ತೀವಿ. ನಂದೂ ಹಂಗ ಆತು. ಎರಡ್ ಸಲ ಟೈಟ್ ಮಾಡ್ಸಿದೆ, ಬ್ರೇಕ್ ಹಿಡಿದ್ರ ಗಾಡಿ ಎಳೆಯಾಕ ಶುರು ಮಾಡ್ತು, ಮುಂದಿನ ಟೈರ್ ಒಂದ ಅಂಚಿಗೆ ಸವೀತು, ಕಡೀಕ ನೋಡಿದ್ರ ಮುಂದಿಂದು ಏನೂ ಆಗಿದ್ದಿಲ್ರಿ, ಹಿಂದ ಬಲಗಡಿ ಕಮಾನ್‌ಪಟ್ಟಿಯಾಗ (ಲೀಫ್ ಸ್ಪ್ರಿಂಗ್) ಮೂರನೇ ಪಟ್ಟಿ ಮುರಿದಿತ್ತು. ಎರೆಮಣ್ಣು, ಎಣ್ಣಿ ಮೆತ್ತಿಕೊಂಡು ಕಾಣ್ತಿದ್ದಿಲ್ಲ. ವೈರ್ ಬ್ರಷ್ ಹಾಕಿ ತಿಕ್ಕಿದಾಗ ಕೂದ್ಲೆಳಿಯಷ್ಟು ಕೆಂಪು ತುಕ್ಕಿನ ಗೆರಿ, ಅಷ್ಟ. ಅದಕ್ಕ ಹೇಳ್ತೀನಿ, ಆ ಬೋಲ್ಟ್ ಕಡೇ ಕೆಲಸ, ಮೊದಲನೇದಲ್ಲ.

ಮೊದ್ಲು ನಿಮ್ಮ ಗಾಡಿ ಮುಂದ ಏನೈತಿ ಅಂತ ಬಗ್ಗಿ ನೋಡ್ರಿ. ಗಾಲಿ ಹಿಡಿದಿರೋ ಆರ್ಮಿನಿಂದ ಹಿಂದಕ್ಕ ಚಾಸಿ ಗುಂಟ ಒಂದು ಉದ್ದನ ಸರಳು ಹೋಗಿತ್ತಂದ್ರ ಅದ ಟಾರ್ಷನ್ ಬಾರ್. ಕ್ವಾಲಿಸ್, ಟವೇರಾ, ಹಳೇ ಸುಮೋ ಬುಡಕೂ ಇದ ಇರೋದು. ಸರಳು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡ್ತೈತಿ, ಹಿಂದಿನ ತುದಿಗಿರೋ ಆಂಕರ್ ಆರ್ಮಿಗೆ ಬೋಲ್ಟ್ ಇರ್ತೈತಿ. ಮುಂದೂ ಕಮಾನ್‌ಪಟ್ಟಿ ಇದ್ರ ತಿರುವಾಕ ಬೋಲ್ಟೇ ಇಲ್ಲ, ಮುರಿದ ಪಟ್ಟಿ, ಸವೆದ ಬುಷ್ (ಕೀಲಿನೊಳಗ ಕುಂದ್ರೋ ಕೊಳವಿ), ಶ್ಯಾಕಲ್ (ಪಟ್ಟಿ ತುದಿಯ ಕೊಂಡಿ) ಇಷ್ಟ ನೋಡ್ಬೇಕು. ಕಾಯಿಲ್ ಇದ್ರ ಸ್ಪ್ರಿಂಗ್, ಅದರ ಸೀಟಿನ ರಬ್ಬರ್. ಶಾಕ್ ಅಬ್ಸಾರ್ಬರ್ ಬದಲು ಮಾಡಿದ್ರ ಗಾಡಿ ಏಳ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಅದು ಕುಣಿಯೋದನ್ನ ತಡೀತೈತಿ, ತೂಕ ಹೊರಂಗಿಲ್ಲ.

ಈಗ ಅಳತಿ. ಇಲ್ಲೇ ಎಲ್ಲಾರೂ ತಪ್ಪತಾರ. ಜಾಗ ಸಪಾಟ ಇರ್ಬೇಕು, ಮನಿ ಮುಂದಿನ ರಸ್ತೆ ನಡಿಯಂಗಿಲ್ಲ, ನೀರು ಹರೀಲಿ ಅಂತ ಅದನ್ನ ಇಳಿಜಾರ ಮಾಡಿರ್ತಾರ. ನಾನು ರೈಸ್ ಮಿಲ್ಲಿನ ವೇಬ್ರಿಡ್ಜ್ ಮ್ಯಾಲ ನಿಲ್ಲಿಸ್ತೀನಿ, ಖಾಲಿ ಇದ್ದಾಗ ಕೇಳಿದ್ರ ಬ್ಯಾಡ ಅನ್ನಂಗಿಲ್ಲ. ಡೌಟ್ ಇದ್ರ ಗೌಂಡಿ ಹತ್ರ ನೀರಿನ ಲೆವೆಲ್ ಪೈಪ್ ಇಸ್ಕೊಂಡು ನಾಲ್ಕೂ ಗಾಲಿ ಜಾಗ ನೋಡ್ಕೊಳ್ರಿ. ಟೈರ್ ಗಾಳಿ ಎಡಕ್ಕೂ ಬಲಕ್ಕೂ ಒಂದ ಇರ್ಲಿ, ಹಿಂದ ಲೋಡ್ ಬ್ಯಾಡ, ಕ್ಯಾಬಿನ್ಯಾಗ ಯಾರೂ ಕುಂದ್ರಬ್ಯಾಡ್ರಿ. ಬಂಪರ್ ಹಿಡಿದು ನಾಲ್ಕೈದು ಸಲ ಒತ್ತಿ ಬಿಟ್ಟು, ಗಾಡಿ ಹತ್ ಫೂಟ್ ಹಿಂದ ಮುಂದ ಉರುಳಿಸಿ, ತಾನ ಕುಂದ್ರಲಿ ಬಿಡ್ರಿ. ಆಮ್ಯಾಲ ಟೇಪ್ ಹಿಡಿದು ಗಾಲಿಯ ನಟ್ಟನಡುವಿನಿಂದ ನೇರ ಮ್ಯಾಲ ಫೆಂಡರ್ (ಗಾಲಿ ಮ್ಯಾಗಿನ ಮಡ್‌ಗಾರ್ಡ್) ಅಂಚಿನ ತನ ಅಳೀರಿ, ನೆಲದಿಂದ ಬ್ಯಾಡ, ನೆಲದಿಂದ ಹಿಡಿದ್ರ ಟೈರ್ ಸವೆದದ್ದೂ ಲೆಕ್ಕಕ್ಕ ಬರ್ತೈತಿ. ನಾಲ್ಕೂ ಗಾಲಿದು ಬರ್ಕೊಳ್ರಿ. ಎಡ ಬಲ 10 ಎಂಎಂ ಒಳಗ ಫರಕ್ ಇದ್ರ ನಾನಂತೂ ಮುಟ್ಟಂಗಿಲ್ಲ. ಫೆಂಡರ್ ಯಾವಾಗರ ಗುದ್ದಿಸ್ಕೊಂಡು ತಟ್ಟಿಸಿದ್ದಾದ್ರ ಈ ಅಳತಿ ಸುಳ್ಳು ಹೇಳ್ತೈತಿ, ಆವಾಗ ಎರಡೂ ಕಡಿ ಬಂಪ್ ಸ್ಟಾಪ್ (ಆರ್ಮ್ ಬಂದು ಬಡಿಯೋ ತಡೆ) ರಬ್ಬರಿಗೂ ಆರ್ಮಿಗೂ ನಡುವಿನ ಗ್ಯಾಪ್ ಹೋಲಿಸಿ ನೋಡ್ರಿ.

ಫರಕ್ ಜಾಸ್ತಿ ಬಂತು ಅಂದ್ರ ಮೊದ್ಲು ಹಿಂದಿನ ಸ್ಪ್ರಿಂಗಿಂದು ಪರೀಕ್ಷಾ ಮಾಡ್ರಿ, ಹಿಂದ ಒಂದ್ ಕಡಿ ಸೋತ್ರ ಚಾಸಿ ವಾಲಿ ಮುಂದೂ ಅದ ಕಡಿ ಕುಂದ್ರತೈತಿ. ಮುಂದಿನ ಗಾಲಿಗೆ ಹಿಂದ ಮುಂದ ಕಲ್ಲು ಇಟ್ಟು, ಹಿಂದ ಚಾಸಿಯ ಅಡ್ಡ ಪಟ್ಟಿ ನಟ್ಟನಡುವ ಜಾಕ್ ಹಚ್ಚಿ, ಹಿಂದಿನ ಸ್ಪ್ರಿಂಗ್ ಮ್ಯಾಗಿನ ತೂಕ ಬಹಳಷ್ಟು ಇಳಿಯೋ ತನ ಎತ್ರಿ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗುಂಡು) ಕೆಳಗ ಹಚ್ಚಬ್ಯಾಡ್ರಿ, ಹಂಗ ಮಾಡಿದ್ರ ಸ್ಪ್ರಿಂಗ್ ಮ್ಯಾಗಿನ ತೂಕ ಇಳಿಯಂಗಿಲ್ಲ. ಬುಡಕ ಯಾರೂ ಹೋಗಬ್ಯಾಡ್ರಿ, ಹೊರಗ ನಿಂತ ಮುಂದಿನ ಅಳತಿ ಹೊಳ್ಳಿ ತಗೀರಿ. ಈಗ ಎಡ ಬಲ ಸಮ ಆತು ಅಂದ್ರ ತಪ್ಪು ಹಿಂದ ಐತಿ. ಆಗದಿದ್ರ ಮಾತ್ರ ಮುಂದಕ್ಕ ಬರ್ರಿ.

ಮುಂದ ಮೊದ್ಲು ಎರಡೂ ಆಂಕರ್ ಬೋಲ್ಟಿನ ಥ್ರೆಡ್ ಎಷ್ಟೆಷ್ಟು ಹೊರಗ ಐತಿ ಅಂತ ನೋಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ಇದ್ರ ಇದೊಂದ ನೋಡಿದ್ರ ಅದರ ಜಾತಕ ಗೊತ್ತಾಗ್ತೈತಿ. ಒಂದ್ ಕಡಿ ಪೂರಾ ಒಳಗ ಹೋಗಿ ಇನ್ನೊಂದ್ ಕಡಿ ಬೆರಳಷ್ಟು ಹೊರಗಿತ್ತಂದ್ರ ಯಾರೋ ಮೊದ್ಲ ಆಟ ಆಡ್ಯಾರ. ಬೋಲ್ಟ್ ಪೂರಾ ಒಳಗಿದ್ರೂ ಗಾಡಿ ಕೆಳಗ ಐತಂದ್ರ ಬಾರ್ ಸೋತೈತಿ, ಇಲ್ಲಂದ್ರ ಬಿಚ್ಚಿ ಹಾಕುವಾಗ ಬಾರ್ ತುದಿಗಿರೋ ಸ್ಪ್ಲೈನ್ ಹಲ್ಲು ತಪ್ಪಿಸಿ ಹಾಕ್ಯಾರ. ಎಡದ ಬಾರು ಬಲಕ್ಕ ಹಾಕಬಾರ್ದು, ಎರಡರ ತಿರುವು ಬ್ಯಾರೆ ಬ್ಯಾರೆ. ಇನ್ನ ಬುಷ್. ಆರ್ಮ್ ಬುಷ್ ಹೊಸಾದು ಹಾಕಿ ಗಾಲಿ ಜೋತಾಡುವಾಗ ನಟ್ ಟೈಟ್ ಮಾಡಿದ್ರ ರಬ್ಬರ್ ಆ ಜಾಗದಾಗ ಕಚ್ಕೊಂಡು ಗಾಡೀನ ಎತ್ತಿ ಹಿಡೀತೈತಿ, ಸ್ವಲ್ಪ ದಿನಕ್ಕ ರಬ್ಬರ್ ಹರಿದು ಮತ್ತ ಕುಂದ್ರತೈತಿ. ಗಾಡಿ ನೆಲದ ಮ್ಯಾಲ ತನ್ನ ತೂಕದಾಗ ಕುಂತಾಗ ಕಡೇ ಟೈಟ್ ಕೊಡ್ಬೇಕು.

ಇಷ್ಟೆಲ್ಲಾ ಸರಿ ಇದ್ದು ಬೋಲ್ಟ ತಿರುವಬೇಕಂದ್ರ, ಹಿಂದಿನ ರಾತ್ರಿನ ತಿಕ್ಕಿ ಸ್ವಚ್ಛ ಮಾಡಿ ರಸ್ಟ್ ಸ್ಪ್ರೇ ಹೊಡೀರಿ, ಬೆಳಿಗ್ಗಿ ಗ್ರೀಸ್ ಹಚ್ಚಿ. ಪೇಂಟಿಂದ ಒಂದ್ ಗೆರಿ ಎಳಕೊಳ್ರಿ, ಸುತ್ತು ಎಣಿಸಾಕ. ಮುಂದಿನ ಎರಡೂ ಗಾಲಿ ಎತ್ತಿ ಚಾಸಿ ಕೆಳಗ ಸ್ಟ್ಯಾಂಡ್ ಇಡ್ರಿ, ಬರೀ ಜಾಕ್ ನಂಬಿ ಹೋಗಬ್ಯಾಡ್ರಿ. ತೂಕ ಇದ್ದಾಗ ತಿರುವಿದ್ರ ಥ್ರೆಡ್ ಕಿತ್ತು ಬರ್ತೈತಿ, ಆಂಕರ್ ಜಾರಿದ್ರ ಕೈ ಮುರೀತೈತಿ, ಅದರ ನೇರಕ್ಕ ಮುಖ ಇಡಬ್ಯಾಡ್ರಿ. ಅರ್ಧ ಸುತ್ತು ತಿರುವಿ, ಇಳಿಸಿ, ಹತ್ ಫೂಟ್ ಉರುಳಿಸಿ, ಹೊಳ್ಳಿ ಎರಡೂ ಕಡಿ ಅಳೀರಿ. ಉರುಳಿಸದ ಅಳೆದ್ರ ಟೈರ್ ನೆಲಕ್ಕ ಕಚ್ಚಿ ಗಾಡಿ ಎತ್ತರ ಇದ್ದಂಗ ತೋರಿಸ್ತೈತಿ. ಒಂದ್ ಸುತ್ತಿಗೆ ಎಷ್ಟ್ ಎಂಎಂ ಏರ್ತೈತಿ ಅನ್ನೋದು ನಿಮ್ಮ ಗಾಡಿನ ಹೇಳ್ಬೇಕು.

ಜಾಸ್ತಿ ಏರಿಸಬ್ಯಾಡ್ರಿ. ಬೋಲ್ಟ್ ಬಿಗಿ ಮಾಡಿದ್ರ ಬಾರ್ ಗಟ್ಟಿ ಆಗಂಗಿಲ್ಲ, ಕುಂದ್ರೋ ಎತ್ತರ ಅಷ್ಟ ಬದಲಾಗ್ತೈತಿ, ಅತಿ ಏರಿಸಿದ್ರ ಸ್ಪೀಡ್ ಬ್ರೇಕರ್ ಇಳಿಯುವಾಗ ಆರ್ಮ್ ಸ್ಟಾಪಿಗೆ ಬಡಿದು ದಡಲ್ ಅಂತೈತಿ. ಸಮ ಆದ ಮ್ಯಾಲ ಅಲೈನ್‌ಮೆಂಟ್ ಮಾಡ್ಸಾಕ ಬೇಕು, ಎತ್ತರ ಬದಲಾದ್ರ ಕ್ಯಾಂಬರ್ (ಗಾಲಿ ಪಕ್ಕಕ್ಕ ವಾಲಿದ ಕೋನ), ಟೋ (ಗಾಲಿ ಮುಂದ ಒಳಗ-ಹೊರಗ ತಿರುಗಿದ ಕೋನ) ಎರಡೂ ಬದಲಾಗ್ತಾವ. ಹೆಡ್‌ಲೈಟೂ ಇಳಿಸ್ಕೊಳ್ರಿ, ಎದುರಿನವ್ರ ಕಣ್ಣಿಗೆ ಹೊಡೀತೈತಿ. ನಾಲ್ಕೈದು ಟ್ರಿಪ್ ಲೋಡ್ ಹೊಡೆದ ಮ್ಯಾಲ ಹೊಳ್ಳಿ ಅದ ವೇಬ್ರಿಡ್ಜಿಗೆ ಹೋಗಿ ಅಳೀರಿ, ನನ್ನ ಗಾಡಿ ನಾಲ್ಕೂ ಅಳತಿ ಡ್ಯಾಶ್‌ಬೋರ್ಡ್ ಡಬ್ಬಿ ಮುಚ್ಚಳದ ಒಳಗ ಮಾರ್ಕರಿಂದ ಬರೆದೀನಿ.