ಕಾನೂನುಬಾಹಿರ ಆದೇಶಕ್ಕೆ ಸೈನಿಕ ಒಲ್ಲೆ ಎನ್ನುವುದು ಹೇಗೆ

ಆದೇಶ ಪೆದ್ದುತನದ್ದು, ಜೀವಕ್ಕೆ ಅಪಾಯದ್ದು ಅನ್ನಿಸಿದ ಮಾತ್ರಕ್ಕೆ ಸೈನಿಕ ಅದನ್ನು ಮೀರುವಂತಿಲ್ಲ. ಮಾಡಿದರೆ ಅಪರಾಧವಾಗುತ್ತದೆಯೇ ಎಂಬುದೊಂದೇ ಇಲ್ಲಿ ಅಳತೆಗೋಲು. ಶರಣಾದವನನ್ನು ಕೊಲ್ಲುವುದು, ಕೈದಿಗೆ ಚಿತ್ರಹಿಂಸೆ ಕೊಡುವುದು, ನಾಗರಿಕರಿಗೇ ಗುರಿಯಿಡುವುದು ಇವುಗಳ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಬುನಾದಿಯಾದ 1998ರ ಒಪ್ಪಂದ, ಅಂದರೆ ರೋಮ್ ಶಾಸನದ 33ನೇ ವಿಧಿ ನರಮೇಧದ ಆದೇಶವನ್ನು ಮೇಲ್ನೋಟಕ್ಕೇ ಕಾನೂನುಬಾಹಿರ ಎನ್ನುತ್ತದೆ. 1968ರಲ್ಲಿ ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಂದ ಹತ್ಯಾಕಾಂಡದ ವಿಚಾರಣೆಯಲ್ಲಿ ಅವರ ಲೆಫ್ಟಿನೆಂಟ್ ಕ್ಯಾಲಿ ಮೇಲಿನವರ ಆದೇಶ ಪಾಲಿಸಿದೆ ಎಂದು ವಾದಿಸಿದ. 1971ರಲ್ಲಿ ಕೊಲೆ ಆರೋಪ ಸಾಬೀತಾಗಿಯೇ ಹೋಯಿತು.

ಮೊದಲು ಆದೇಶವನ್ನು ಬಿಡಿಸಿ ಹೇಳಿಸಿ. ಕೆಟ್ಟ ಆದೇಶ ನೇರವಾಗಿ ಬರುವುದು ಕಡಿಮೆ. "ಇವರದ್ದೊಂದು ನೋಡ್ಕೊ", "ಮುಗಿಸಿಬಿಡು" ಎಂಬ ಧಾಟಿಯಲ್ಲಿರುತ್ತದೆ. "ಸರ್, ಈ ಮೂವರ ಕೈ ಕಟ್ಟಿದೆ. ಗುಂಡು ಹೊಡಿ ಅಂತಲೇ ಹೇಳ್ತಿದ್ದೀರಾ?" ಎಂದು ಪಕ್ಕದವರಿಗೂ ಕೇಳುವಂತೆ ಕೇಳಿ. ಎಷ್ಟೋ ಅಧಿಕಾರಿಗಳು ಇಲ್ಲಿಯೇ ಹಿಂದೆ ಸರಿಯುತ್ತಾರೆ. ಸರಿಯದಿದ್ದರೆ ಒಂದೇ ವಾಕ್ಯ ಸಾಕು: "ಸರ್, ಇದು ಅಪರಾಧ, ನಾನು ಹೊಡೆಯುವುದಿಲ್ಲ. ಇವರನ್ನು ಹಿಂದಿನ ಶಿಬಿರಕ್ಕೆ ಒಯ್ಯಲೇ?" ಕೊನೆಯ ಆ ಪ್ರಶ್ನೆಯನ್ನು ಬಿಡಬೇಡಿ. ಅಧಿಕಾರಿಗೆ ಮುಖ ಉಳಿಸಿಕೊಳ್ಳಲು ದಾರಿ ಸಿಗುತ್ತದೆ, ನೀವು ಕೆಲಸಗಳ್ಳರಲ್ಲ ಎಂಬುದಕ್ಕೂ ಅದೇ ಸಾಕ್ಷಿ. ಬಂದೂಕಿನ ನಳಿಗೆ ನೆಲದ ಕಡೆಗಿರಲಿ. ಬಂದೂಕು ಎಸೆಯಬೇಡಿ, ಬೈಯಬೇಡಿ, ಜಾಗ ಬಿಡಬೇಡಿ. ಒಲ್ಲೆ ಎಂದದ್ದು ಆ ಒಂದು ಕೆಲಸಕ್ಕೆ. ಪಹರೆ, ಗಸ್ತು, ಉಳಿದ ಆದೇಶಗಳೆಲ್ಲ ಹಾಗೆಯೇ ನಡೆಯಬೇಕು.

ಕೆಡುವುದು ಹೆಚ್ಚಾಗಿ ಇನ್ನೊಂದು ಕಡೆ. ಬೇಕೆಂದೇ ಗುರಿ ತಪ್ಪಿಸಿ ಹೊಡೆದರೆ ನಿಮ್ಮ ಆಕ್ಷೇಪ ಯಾರಿಗೂ ತಿಳಿಯುವುದಿಲ್ಲ, ಆದೇಶ ಪಕ್ಕದವನಿಗೆ ಹೋಗುತ್ತದೆ. ಹೇಳದೆ ಹೊರಟುಹೋದರೆ ಪಲಾಯನದ ಆರೋಪ. ಜೊತೆಗಾರರನ್ನು ಒಟ್ಟುಗೂಡಿಸಿ "ಯಾರೂ ಮಾಡಬೇಡಿ" ಎಂದರೆ ದಂಗೆ ಎಂಬ ಆರೋಪ ಬರಬಹುದು, ಅದರ ಶಿಕ್ಷೆ ಬಲು ಕಠಿಣ. ಪ್ರತಿಯೊಬ್ಬನೂ ತನ್ನ ಮಾತು ತಾನೇ ಹೇಳಲಿ.

ತಡಮಾಡದೆ ವರದಿ ಮಾಡಿ. ಮೈ ಲಾಯ್‌ನಲ್ಲಿ ಹೆಲಿಕಾಪ್ಟರ್ ಚಾಲಕ ಹ್ಯೂ ಥಾಂಪ್ಸನ್ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿದು ಜನರನ್ನು ಉಳಿಸಿದ್ದಲ್ಲದೆ, ಅದೇ ದಿನ ಮೇಲಿನವರಿಗೆ ವಿಷಯ ಮುಟ್ಟಿಸಿದ. ಆದೇಶದ ಅದೇ ಪದಗಳು, ಕೊಟ್ಟವರ ಹುದ್ದೆ, ಸಮಯ, ಜಾಗ, ಕೇಳಿಸಿಕೊಂಡವರು, ನಿಮ್ಮ ಉತ್ತರ: ಇಷ್ಟನ್ನೂ ಬರೆದು ಆ ಅಧಿಕಾರಿಗಿಂತ ಮೇಲಿನವರಿಗೆ ಅಥವಾ ಸೇನೆಯ ಕಾನೂನು ಅಧಿಕಾರಿಗೆ ಕೊಡಿ, ತಲುಪಿದ್ದಕ್ಕೆ ಸಹಿ ಪಡೆಯಿರಿ. ನಕ್ಷೆ, ರಹಸ್ಯ ಸಂಕೇತ ಸೇರಿಸಿದರೆ ಬೇರೆಯದೇ ಮೊಕದ್ದಮೆ ತಲೆಗೆ ಬರುತ್ತದೆ.

ಯುದ್ಧವನ್ನೇ ಮನಸ್ಸಾಕ್ಷಿ ಒಪ್ಪದಿದ್ದರೆ ದಾರಿ ಬೇರೆ. ಅವಕಾಶವಿರುವ ದೇಶಗಳಲ್ಲಿ ನಿಯೋಜನೆಗೆ ಮುಂಚೆಯೇ ಅರ್ಜಿ ಹಾಕುವುದು ಒಳ್ಳೆಯದು. ಎಲ್ಲ ಯುದ್ಧಕ್ಕೂ ವಿರೋಧವಿರಬೇಕು ಎಂಬುದು ಅಮೆರಿಕದ ನಿಯಮ. ಒಂದು ಯುದ್ಧಕ್ಕೆ ಮಾತ್ರ ಬೇಡ ಎಂದರೆ ಅಲ್ಲಿ ಒಪ್ಪುವುದಿಲ್ಲ.